ಅಕ್ಕಿ ಬಿಸ್ಕತ್ತಿನ ಪರೀಕ್ಷೆ

ಡಿಎನ್‌ಎ ಪತ್ತೆ ಯಂತ್ರದ ಪರದೆಯ ಮೇಲೆ ಅದುವರೆಗೂ ಮಲಗಿದ್ದ ಹಸಿರು ಗೆರೆ ಇಪ್ಪತ್ತೆರಡನೇ ಸುತ್ತಿನಲ್ಲಿ ತಲೆಯೆತ್ತಿತು. ಆಹಾರ ಪರೀಕ್ಷಾಲಯದ ರಾಂಪೈ ಕುರ್ಚಿಯಿಂದ ಎದ್ದು ನಿಂತಳು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿಸ್ಕತ್ತಿನ ಪುಡಿಯಲ್ಲಿ ಕೀಟದ ಕಾಲು, ರೆಕ್ಕೆ ಏನೂ ಸಿಕ್ಕಿರಲಿಲ್ಲ. ಆದರೆ ಮಿಡತೆಯ ಡಿಎನ್‌ಎ ಇಲ್ಲದೆ ಈ ಗೆರೆ ಏಳುವುದಿಲ್ಲ.

"ದೊಡ್ಡಪ್ಪ, ಬಿಸ್ಕತ್ತಿಗೆ ಮಿಡತೆ ಹಿಟ್ಟು ಹಾಕಿದ್ರಾ?"

ಬಾಗಿಲ ಬಳಿ ಕೂತಿದ್ದ ಪ್ರಯೂನ್ ನಕ್ಕುಬಿಟ್ಟ. ಥಾಯ್ಲೆಂಡಿನ ಖೋನ್ ಕೇನ್‌ನ ಎಷ್ಟೋ ಶಾಲೆಗಳಿಗೆ ಅಕ್ಕಿ ಬಿಸ್ಕತ್ತು ಕೊಡುವವನು ಅವನೇ. ಅದನ್ನು ತಿಂದ ಹುಡುಗನೊಬ್ಬನಿಗೆ ಉಸಿರು ಕಟ್ಟಿತೆಂದು ದೂರು ಬಂದಾಗ, ಸುಳ್ಳೆಂದು ತೋರಿಸಲು ಪೊಟ್ಟಣ ಹಿಡಿದು ತಾನೇ ಪರೀಕ್ಷೆಗೆ ಬಂದಿದ್ದ.

"ಮಿಡತೆ ಬೆಲೆ ಗೊತ್ತೇನಮ್ಮ? ಹುರಿದು ನಾನೇ ತಿಂತೀನಿ, ಬಿಸ್ಕತ್ತಿಗ್ಯಾಕೆ ಹಾಕ್ಲಿ?"

"ಅಕ್ಕಿ ಎಲ್ಲಿ ಬೀಸಿಸ್ತೀರಿ?"

"ಊರ ಗಿರಣೀಲಿ." ಅವನ ನಗು ಸಣ್ಣಗಾಯಿತು. "ಹೋದ ತಿಂಗಳಿಂದ ಅಲ್ಲಿ ಮಿಡತೇನೂ ಬೀಸ್ತಾರೆ. ಅದಕ್ಕೇನೀಗ? ಊರೆಲ್ಲ ತಿನ್ನೋದೇ ಅಲ್ವಾ?"

"ಸೀಗಡಿ ಆಗದ ಎಷ್ಟೋ ಜನಕ್ಕೆ ಮಿಡತೇನೂ ಆಗಲ್ಲ, ದೊಡ್ಡಪ್ಪ. ಚೂರು ಹಿಟ್ಟು ಸಾಕು, ಗಂಟಲು ಊದಿಕೊಳ್ಳುತ್ತೆ."

ಪ್ರಯೂನ್ ಜೇಬು ತಡಕಿ ಫೋನು ತೆಗೆದ. ಸ್ಕೂಲಿನ ನಂಬರು ಹುಡುಕತೊಡಗಿದ. "ನನ್ನ ಮೊಮ್ಮಗಳಿಗೆ ಸೀಗಡಿ ಮುಟ್ಟಿದ್ರೂ ಮೈ ಊದುತ್ತೆ," ಅಂದ. "ಅದಕ್ಕೇ ಬೇರೇನೂ ಬೇಡ ಅಂತ ಇವತ್ತು ಡಬ್ಬಿಗೆ ಇದನ್ನೇ ಹಾಕಿ ಸ್ಕೂಲಿಗೆ ಕಳಿಸಿದೀನಿ."

ಒಂದೇ ರಿಂಗಿಗೆ ಅವಳ ಟೀಚರ್ ಎತ್ತಿಕೊಂಡರು. ಅವನು ಬಾಯಿ ತೆರೆಯುವ ಮೊದಲೇ ಅವರು ಅಂದರು: "ನಾನೇ ನಿಮಗೆ ಫೋನ್ ಮಾಡೋದ್ರಲ್ಲಿದ್ದೆ."