ಹೊರಡ್ತಿದೀಯಾ?

ಶುಕ್ರವಾರ ಮಧ್ಯಾಹ್ನ ಕಾಲೇಜಿನ ಪಾರ್ಕಿಂಗ್ ಮೈದಾನ ಮುಕ್ಕಾಲು ಪಾಲು ಖಾಲಿ ಹೊಡೆಯುತ್ತಿತ್ತು. ಆದರೂ ಆ ಹಸಿರು ಕಾರು ಮೆಲ್ಲಗೆ ತೆವಳುತ್ತಾ ಬಂದು, ನೊಯೆಮಿಯ ಕಾರಿನ ಪಕ್ಕದ ಜಾಗದಲ್ಲೇ ನಿಂತಿತು. ಮುಖದ ತುಂಬ ಕಂದು ಚುಕ್ಕಿಗಳಿದ್ದ ಹುಡುಗಿಯೊಬ್ಬಳು ಈಚೆಗೆ ಬಾಗಿ, ಕಿಟಕಿ ಇಳಿಸಿ ಕೇಳಿದಳು: "ಹೊರಡ್ತಿದೀಯಾ?"

ಕಾರಿನಲ್ಲೇ ಕೂತು ಊಟ ಮಾಡುತ್ತಿದ್ದ ನೊಯೆಮಿಗೆ ತುತ್ತು ಬಾಯಲ್ಲೇ ಉಳಿಯಿತು. ಬೇರೆ ದಿನವಾದರೆ ಈ ಪ್ರಶ್ನೆಗೆ ಅರ್ಥವಿತ್ತು. ಹ್ಯೂಸ್ಟನ್ನಿನ ಈ ಕಾಲೇಜಿಗೆ ಹಾಸ್ಟೆಲ್ ಇಲ್ಲ. ಎಲ್ಲರೂ ಮನೆಯಿಂದ ಕಾರಿನಲ್ಲಿ ಬಂದು, ಪಾಠ ಕೇಳಿ, ಕೆಲಸಕ್ಕೆ ಓಡುವವರೇ. ಕೈಯಲ್ಲಿ ಕೀಲಿ ಹಿಡಿದು ನಡೆಯುವವರು ಕಂಡರೆ ಸಾಕು, ಯಾವುದೋ ಒಂದು ಕಾರು ಬೆನ್ನು ಹತ್ತುತ್ತದೆ. "ಹೊರಡ್ತಿದೀಯಾ?" ಹೌದೆಂದರೆ ನಿಲ್ಲಿಸಲು ಜಾಗ ಸಿಕ್ಕಿತು, ಇಲ್ಲವೆಂದರೆ ಮುಂದಿನವರ ಬೆನ್ನು. ಗುರುತಿಲ್ಲದವರು ಅಲ್ಲಿ ಒಬ್ಬರಿಗೊಬ್ಬರು ಆಡುವ ಮಾತು ಅದೊಂದೇ. ಆದರೆ ಆಗಲೇ ಕಾರು ನಿಲ್ಲಿಸಿಕೊಂಡವಳು ಇದನ್ನು ಯಾಕೆ ಕೇಳಬೇಕು?

"ಇಲ್ಲ. ಊಟ ಮಾಡ್ತಿದೀನಿ."

"ದಿನಾ ಇಲ್ಲೇ ಮಾಡ್ತೀಯಲ್ವಾ? ಈ ಕಂಬದ ಹತ್ರ?"

ಅಂದರೆ ಇವಳು ದಿನಾ ನೋಡುತ್ತಿದ್ದಾಳೆ! ನೊಯೆಮಿಯ ಕೈ ತಾನಾಗಿಯೇ ಬಾಗಿಲಿನ ಲಾಕ್ ಒತ್ತಿತು. ಕಾಲೇಜು ಸೇರಿದ ಮೇಲೆ ಅವಳನ್ನು ನಗುನಗುತ್ತಾ ಮಾತನಾಡಿಸಿದವರು ಇಬ್ಬರೇ. ಒಬ್ಬಳು ಕೂದಲು ಚೆನ್ನಾಗಿದೆ ಎಂದು ಹೊಗಳಿ, ಉಸಿರು ಬಿಡುವುದರೊಳಗೆ ತನ್ನ ಚರ್ಚಿನ ಪ್ರಾರ್ಥನೆಗೆ ಕರೆದಿದ್ದಳು. ಇನ್ನೊಬ್ಬಳು ಕಾಫಿಗೆಂದು ಕರೆದೊಯ್ದು, ಮುಖಕ್ಕೆ ಹಚ್ಚುವ ಕ್ರೀಮಿನ ಏಜೆಂಟಾಗು ಎಂದು ತಲೆ ತಿಂದಿದ್ದಳು. ಆಮೇಲೆ ಇಬ್ಬರೂ ಎದುರಿಗೆ ಸಿಕ್ಕರೂ ಗುರುತು ಹಿಡಿಯಲಿಲ್ಲ.

"ಸುತ್ತ ಇಷ್ಟು ಜಾಗ ಬಿದ್ದಿದೆ, ನಿಂಗೆ ನನ್ನ ಪಕ್ಕಾನೇ ಯಾಕೆ ಬೇಕಿತ್ತು?" ನೊಯೆಮಿ ಗದರಿದಳು. "ನೇರ ಹೇಳ್ಬಿಡು. ಏನು ನಿಂದು, ಚರ್ಚಾ, ಕ್ರೀಮಾ?"

ಹುಡುಗಿಯ ಮುಖ ಕಿವಿಯವರೆಗೆ ಕೆಂಪಾಯಿತು. "ಏನೂ ಇಲ್ಲ ಕಣೇ. ಸುಮ್ನೆ ಕೇಳ್ದೆ," ಎಂದು ಗಡಿಬಿಡಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆದಳು. ಆಗ ಅವಳ ಪಕ್ಕದ ಸೀಟು ನೊಯೆಮಿಯ ಕಣ್ಣಿಗೆ ಬಿತ್ತು. ಅಲ್ಲಿ ಐಸ್ ಟೀ ತುಂಬಿದ ಎರಡು ಲೋಟಗಳಿದ್ದವು, ಎರಡಕ್ಕೂ ಸ್ಟ್ರಾ ಚುಚ್ಚಿತ್ತು. ಕಾರಿನಲ್ಲಿ ಮಾತ್ರ ಬೇರೆ ಯಾರೂ ಇರಲಿಲ್ಲ.

ಸಂಜೆ ಅಮ್ಮ ಖಾಲಿ ಬುತ್ತಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. "ನಿನ್ನ ಫ್ರೆಂಡ್ಸ್‌ಗೆ ತಮಾಲೆ ಹಿಡಿಸ್ತಾ?" ಗೆಳತಿಯರ ಜೊತೆ ಕೂತು ತಿನ್ನುತ್ತೇನೆ ಎಂದು ಮೊದಲ ವಾರವೇ ನೊಯೆಮಿ ಒಂದು ಸುಳ್ಳು ಬಿಟ್ಟಿದ್ದಳು. ಅಂದಿನಿಂದ ಅಮ್ಮ ನಸುಕಿನಲ್ಲೇ ಎದ್ದು, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಆ ಕಡುಬುಗಳನ್ನು ಊರಿಗೆಲ್ಲ ಆಗುವಷ್ಟು ಬೇಯಿಸಿ ಕಟ್ಟುತ್ತಿದ್ದಳು. ನೊಯೆಮಿ ಹೊಟ್ಟೆ ಬಿರಿಯುವಷ್ಟು ತಿಂದು, ಮಿಕ್ಕಿದ್ದನ್ನು ಕಾಲೇಜಿನ ಕಸದ ಡಬ್ಬಿಗೆ ಹಾಕಿ, ಅಳು ನುಂಗಿಕೊಂಡು ಕ್ಲಾಸಿಗೆ ಹೋಗುತ್ತಿದ್ದಳು.

"ತುಂಬಾ ಹಿಡಿಸ್ತಮ್ಮಾ."

"ಹಂಗಾದ್ರೆ ಮುಂದಿನ ಭಾನುವಾರ ಊಟಕ್ಕೆ ಕರ್ಕೊಂಡು ಬಾ ಬಂಗಾರಿ. ಒಬ್ಬಳಾದ್ರೂ ಬರ್ಲಿ." ಅಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. "ಇದಾರೆ ತಾನೇ?"

ಸೋಮವಾರ ಮೈದಾನ ಕಿಕ್ಕಿರಿದಿತ್ತು. ನೊಯೆಮಿ ತನ್ನ ಕಂಬದ ಹತ್ತಿರ ನಿಲ್ಲಿಸಲೇ ಇಲ್ಲ. ಸಾಲು ಸಾಲಾಗಿ ಕಾರು ತೆವಳಿಸುತ್ತಾ ಹುಡುಕಿದಳು. ಜಾಗಕ್ಕೆ ಕಾದಿದ್ದಾಳೆಂದು ತಿಳಿದು, ನಡೆಯುತ್ತಿದ್ದವರು ತಿರುಗಿ "ಹೊರಡಲ್ಲ, ಹೊರಡಲ್ಲ" ಎಂದು ಕೈಯಾಡಿಸಿದರು. ಕೊನೆಗೆ ಲೈಬ್ರರಿಯ ಹಿಂದೆ, ಕಸದ ತೊಟ್ಟಿಗಳ ಪಕ್ಕದಲ್ಲಿ ಹಸಿರು ಕಾರು ಸಿಕ್ಕಿತು. ಕಿಟಕಿಗಳನ್ನೆಲ್ಲ ಏರಿಸಿಕೊಂಡು ಆ ಹುಡುಗಿ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದಳು. ಇವತ್ತು ಲೋಟ ಒಂದೇ ಇತ್ತು.

ನೊಯೆಮಿ ದಾರಿಯ ಮಧ್ಯೆಯೇ ಕಾರು ಬಿಟ್ಟು, ಬುತ್ತಿ ಹಿಡಿದು ಇಳಿದುಹೋಗಿ ಗಾಜು ತಟ್ಟಿದಳು.

"ಹೊರಡ್ತಿದೀಯಾ?"

ಹುಡುಗಿ ನಗಲಿಲ್ಲ. ಒಳಗೆ ಲಾಕ್ ಟಕ್ ಎಂದು ಬಿತ್ತು. ಆಮೇಲೆ ಗಾಜು ಎರಡು ಬೆರಳಗಲ ಇಳಿಯಿತು.

"ಯಾವ ಚರ್ಚು ನಿಂದು?"

ತಮಾಷೆಯೋ ಸಿಟ್ಟೋ ನೊಯೆಮಿಗೆ ತಿಳಿಯಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದ. ಅವಳು ಬುತ್ತಿಯಿಂದ ಇನ್ನೂ ಬಿಸಿ ಇದ್ದ ಒಂದು ತಮಾಲೆ ತೆಗೆದು ಆ ಸಂದಿಗೆ ಹಿಡಿದಳು. ಅದು ತೂರಲಿಲ್ಲ. ಹುಡುಗಿ ತಮಾಲೆಯನ್ನು ನೋಡಿದಳು, ನೊಯೆಮಿಯ ಮುಖ ನೋಡಿದಳು, ಮತ್ತೆ ತಮಾಲೆಯನ್ನು ನೋಡಿದಳು.

ಗಾಜು ಇನ್ನಷ್ಟು ಇಳಿಯಿತು. ಸರಿಯಾಗಿ ಒಂದು ತಮಾಲೆ ತೂರುವಷ್ಟು, ಕೂದಲೆಳೆಯಷ್ಟೂ ಹೆಚ್ಚಿಲ್ಲ.