ಕಾಗೆಯ ಎಡೆ

ತೂಕ ಇಳಿಸುವ ಕಾಯ್ದೆ ಬಂದದ್ದೇ ತಡ, ಊರಿಗೆ ಊರೇ ಅನ್ನ ಬಿಟ್ಟು ವಾರಕ್ಕೊಂದು ಪೌಷ್ಟಿಕ ಇಂಜೆಕ್ಷನ್ನಿನ ಮೇಲೆ ಬದುಕತೊಡಗಿತ್ತು. ಒಲೆ ಹಚ್ಚುವುದೇನಿದ್ದರೂ ಸತ್ತವರ ತಿಥಿಗೆ.

ಆ ಬೆಳಿಗ್ಗೆ ವನಮಾಲ ಅಪ್ಪನ ತಿಥಿಗೆಂದು ತಾರಸಿಯ ಮೇಲೆ ಕಾಗೆಗೆ ಎಡೆಯಿಟ್ಟಿದ್ದಳು. ಅರ್ಧ ಗಂಟೆಯಲ್ಲಿ ಬಾಳೆಲೆ ಬರಿದಾಗಿತ್ತು. ಅಪ್ಪ ತೃಪ್ತನಾದನೆಂದು ಅವಳ ಕಣ್ಣು ತುಂಬಿ ಬಂದಿತ್ತು.

ಮಧ್ಯಾಹ್ನ ಇಂಜೆಕ್ಷನ್ ಕೇಂದ್ರದಲ್ಲಿ ಅವಳ ತೂಕ ಸರಿಯಾಗಿತ್ತು. ಆರು ವರ್ಷದ ಮಗಳು ಇಂಚರ ತೂಕದ ಯಂತ್ರ ಹತ್ತಿದಾಗ ಕೆಂಪು ದೀಪ ಹೊತ್ತಿಕೊಂಡಿತು.

“ಮಗು ಏನಾದ್ರೂ ತಿಂತಾ?” ನರ್ಸ್ ತಲೆಯೆತ್ತದೆ ಕೇಳಿದಳು. ತಿಂದ ಮಕ್ಕಳನ್ನು ಕರೆದೊಯ್ಯುವ ವ್ಯಾನು ಬಾಗಿಲಲ್ಲೇ ನಿಂತಿತ್ತು.

“ಇಲ್ಲ ಸಿಸ್ಟರ್. ಎಡೆಗೆ ಮಾಡಿದ್ದನ್ನೆಲ್ಲ ಕಾಗೆ ತಿಂದ್ಬಿಡ್ತು.”

ಹೇಳಿ ಮುಗಿಸುವಷ್ಟರಲ್ಲಿ ವನಮಾಲ ಸರಕ್ಕನೆ ಮಗಳತ್ತ ತಿರುಗಿದಳು. ಅನ್ನವೇ ಇಲ್ಲದ ಆ ಊರಿನಲ್ಲಿ ಕಾಗೆ ಕಂಡು ಹತ್ತು ವರ್ಷವಾಗಿತ್ತು.