ಕಂಬಳಿ ಹೊದ್ದ ಕಲ್ಲು

"ತಾತ, ಆಕಾಶದಾಗೆ ಸುತ್ತೋ ಹೊಸ ಕ್ಷುದ್ರಗ್ರಹ ಸಿಕ್ಕೈತಂತೆ. ಪೂರಾ ಕಲ್ಲಂತೆ, ಅಲ್ಲಲ್ಲಿ ಕಬ್ಬಿಣ" ಎಂದು ಮೊಮ್ಮಗಳು ಪೇಪರ್ ಓದಿದಾಗ, "ಅಂಥದ್ದು ನಮ್ಮನೇಗೇ ಬಂದಿತ್ತು ಕಣವ್ವಾ!" ಎಂದು ಹಿಗ್ಗಿ ಕೂಗಿಬಿಟ್ಟೆ.

ಆಗ ನನಗೆ ಏಳು ವರ್ಷ. ಮೋಡವಿಲ್ಲದೆ ಗುಡುಗಿದ ಒಂದು ಮಧ್ಯಾಹ್ನ, ಕುರಿ ಮೇಯಿಸಲು ಹೋಗಿದ್ದ ಅಪ್ಪ ಉಳ್ಳಾರ್ತಿ ಕಾವಲಿನಿಂದ ಆ ಕಲ್ಲನ್ನು ಹೊತ್ತು ತಂದ. ಮೇಲೆ ಸೀದ ರೊಟ್ಟಿಯಂಥ ಕರಿ ಸಿಪ್ಪೆ, ಮುರಿದ ಮೂಲೆಯಲ್ಲಿ ಬೂದಿ ಬಣ್ಣ, ಅದರೊಳಗೆ ಕಬ್ಬಿಣದ ಸಣ್ಣ ಮಿಂಚು. ಗಾತ್ರ ಚಿಕ್ಕದು, ಭಾರ ಬಹಳ.

ನನ್ನ ತಮ್ಮ, ಇನ್ನೂ ಹೆಸರಿಡದ ಕೂಸು, ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವ್ವ ಕಲ್ಲನ್ನು ಮಡಿಲಿಗೆ ಎತ್ತಿಕೊಂಡು ಅವನ ಕಂಬಳಿ ತುಂಡು ಸುತ್ತಿದಳು.

"ಇಷ್ಟೇ ಭಾರ ಇದ್ದ" ಎಂದಳು.

ಅಜ್ಜಿ ಗದರಿದಳು: "ಉದುರಿದ ಚುಕ್ಕಿ ಮನ್ಯಾಗೆ ಇಟ್ಕಂಬಾರ್ದು ಕಣೇ. ಹಾಳುಬಾವಿಗೆ ಹಾಕ್ಬೇಕು, ಕೊಡಿಲ್ಲಿ."

"ಇನ್ನೊಂದೀಟು ಹೊತ್ತು ಇರ್ಲಿ ಅತ್ತೆ. ನಾನೇ ಹಾಕ್ತೀನಿ."

ಹೊತ್ತು ಇಳಿದ ಮೇಲೆ ಅವ್ವ ಕಲ್ಲು, ಕೊಡ, ಹಗ್ಗ ಹಿಡಿದು ಹಾಳುಬಾವಿಗೆ ಹೊರಟಳು. ನಾನೂ ಹಿಂದೆ ಹೋದೆ. ಅವಳು ಕಲ್ಲನ್ನು ಎಸೆಯಲಿಲ್ಲ. ಕೊಡದ ಬಾಯಿಗೆ ಕೂರಿಸಿ, ಹಗ್ಗವನ್ನು ಇಷ್ಟಿಷ್ಟೇ ಬಿಡುತ್ತಾ, ಸದ್ದಾಗದಂತೆ ನೀರಿಗೆ ಇಳಿಸಿದಳು. ಕಂಬಳಿ ಬಿಚ್ಚಿರಲಿಲ್ಲ.